ಮೈಕಿನಲ್ಲಿ ಕೂಗಿದ ಹೆಸರು

ಕಾನಹೊಸಹಳ್ಳಿಯ ಹೆದ್ದಾರಿ ಬದಿಯಲ್ಲಿ ಪಂಕ್ಚರ್ ಅಂಗಡಿ ಇಟ್ಟಿರುವ ಭೀಮರಾಜ ವಾರವೆಲ್ಲ ಮೆಕ್ಯಾನಿಕ್, ಭಾನುವಾರ ಪಾಸ್ಟರ್. ಟ್ಯೂಬನ್ನು ನೀರಿನಲ್ಲಿ ಮುಳುಗಿಸಿ ಗುಳ್ಳೆ ಏಳುವವರೆಗೆ ಕಾಯುವ ತಾಳ್ಮೆ ಅವನಿಗಿತ್ತು. ಮನುಷ್ಯರ ವಿಷಯಕ್ಕೆ ಬಂದರೆ ಆ ತಾಳ್ಮೆ ಎಲ್ಲಿ ಹೋಗುತ್ತಿತ್ತೋ ಕಾಣೆ. ಅಂಗಡಿಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಮೈಕು ಕೈಗೆ ಬಂತೆಂದರೆ ಸಾಕು, ಯೇಸುವನ್ನು ನಂಬದವರನ್ನೆಲ್ಲ ಒಟ್ಟಿಗೇ ಬೆಂಕಿಗೆ ಕಳಿಸಿ ಆಮೇಲೆ ನೀರು ಕುಡಿಯುತ್ತಿದ್ದ. ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಕುಡಿದು ಹಾಳಾಗಿದ್ದ ತನ್ನನ್ನು ಎತ್ತಿ ನಿಲ್ಲಿಸಿದ ದೇವರು ಬೇರೆಯವರನ್ನೂ ಎತ್ತಲಿ ಎಂಬ ಆಸೆ. ಆ ಆಸೆಗೆ ಗಂಟಲು ಸ್ವಲ್ಪ ಜಾಸ್ತಿಯಾಗಿತ್ತು, ಅಷ್ಟೆ.

ಶೆಡ್ಡಿನ ಎದುರು ರಸ್ತೆಯಾಚೆ ಉಜ್ಜಿನಪ್ಪನ ಬೀಜ-ಗೊಬ್ಬರದ ಅಂಗಡಿ, ಅದರ ಹಿಂದೆಯೇ ಮನೆ. ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗ, ಮಾತು ಕೇಳಿದ್ದಕ್ಕಷ್ಟೇ. ಕೊರೊನಾ ಕಾಲದಲ್ಲಿ ಭೀಮರಾಜನಿಗೆ ಉಸಿರು ಸಿಗದೇ ಹೋದಾಗ ಅವನ ಶೆಡ್ಡಿನ ಪ್ರಾರ್ಥನಾ ಸಭೆಯವರು ದೂರ ನಿಂತು ಪ್ರಾರ್ಥನೆ ಮಾಡಿದರು. ಉಜ್ಜಿನಪ್ಪ ತನ್ನ ಲಗೇಜ್ ಗಾಡಿಯಲ್ಲಿ ಅವನನ್ನು ಮಲಗಿಸಿಕೊಂಡು ಕೂಡ್ಲಿಗಿ ಆಸ್ಪತ್ರೆಗೆ ಹೋದ. ಭೀಮರಾಜ ಅದನ್ನು ಮರೆತಿರಲಿಲ್ಲ. ಮರೆಯದಿದ್ದದ್ದೇ ಎಡವಟ್ಟಾಯಿತು. ಒಂದು ಭಾನುವಾರ, ಬರೀ ಒಳ್ಳೆಯತನದಿಂದ ಯಾರಿಗೂ ರಕ್ಷಣೆ ಇಲ್ಲ ಎಂದು ಬಿಡಿಸಿ ಹೇಳುವಾಗ, ಉದಾಹರಣೆ ಹುಡುಕುತ್ತಿದ್ದವನ ಬಾಯಿಗೆ ಊರಿಗೇ ಒಳ್ಳೆಯವನಾದವನ ಹೆಸರು ಬಂದುಬಿಟ್ಟಿತು.

"ಎದುರಿಗಿನ ಉಜ್ಜಿನಪ್ಪ ಸಾವ್ಕಾರ್ರನ್ನ ನೋಡ್ರಿ. ಅಂಥ ಮನುಷ್ಯ ಈ ಊರಾಗಿಲ್ಲ. ಆದ್ರೂ ಯೇಸುವನ್ನ ಒಪ್ಪಿಕೊಳ್ಳದಿದ್ರ ಅವರಿಗೂ ನರಕನ!"

ಮೈಕು ಅದನ್ನು ಬಸ್‌ಸ್ಟ್ಯಾಂಡಿನವರೆಗೂ ಮುಟ್ಟಿಸಿತು. ಅದೇ ವಾರ ಉಜ್ಜಿನಪ್ಪ ಗಲ್ಲಾಪೆಟ್ಟಿಗೆಯ ಮುಂದೆ ಕೂತಲ್ಲೇ ಎದೆ ಹಿಡಿದುಕೊಂಡು ಹೋಗಿಬಿಟ್ಟ.

ಸಭೆಯವನೊಬ್ಬ ಓಡಿಬಂದು, "ದೇವ್ರು ನಿಮ್ಮ ಮಾತು ನಡೆಸಿಬಿಟ್ಟ, ಪಾಸ್ಟ್ರ" ಎಂದಾಗ ಭೀಮರಾಜ ಕೈಯಲ್ಲಿದ್ದ ನಟ್ಟು ಬಿಚ್ಚುವ ಪಾನಾ ಬೀಸಿ ಒಗೆದ. ಪುಣ್ಯಕ್ಕೆ ತಗುಲಲಿಲ್ಲ. ಆ ದಿನದಿಂದ ಅವನಿಗೆ ಅನ್ನ ಸೇರಲಿಲ್ಲ. ಕಂಡವರೆಲ್ಲ ತನ್ನ ಬಗ್ಗೆಯೇ ಆಡಿಕೊಳ್ಳುತ್ತಿದ್ದಾರೆ ಎನಿಸುತ್ತಿತ್ತು. ಅದು ಸುಳ್ಳೂ ಆಗಿರಲಿಲ್ಲ. ಶೆಡ್ಡಿಗೆ ಬೀಗ ಜಡಿಯುತ್ತೇವೆ ಎಂದು ಊರ ಹುಡುಗರು ಹೇಳಿಕಳಿಸಿದ್ದರು.

ಸಾವಿನ ಕಾರ್ಯದ ಕೊನೆಗೆ ಬರುವ ಶಿವಗಣಾರಾಧನೆಯ ದಿನ ಉಜ್ಜಿನಪ್ಪನ ಮಗ ಪ್ರವೀಣಕುಮಾರ ಪಂಕ್ಚರ್ ಅಂಗಡಿಗೆ ಬಂದ. ಕಣ್ಣು ಕೆಂಪಗಿದ್ದವು.

"ಅವ್ವ ಕರಿಯಾಕತ್ತಾಳ. ಬರ್ರಿ."

"ನಾ ಆಮೇಲೆ..."

"ಈಗ ಬರ್ರಿ. ನಾನಾಗಿದ್ರ ಕರೀತಿರಲಿಲ್ಲ."

ಗ್ರೀಸು ಹತ್ತಿದ ಕೈಯಲ್ಲೇ ಭೀಮರಾಜ ರಸ್ತೆ ದಾಟಿದ. ಉಜ್ಜಿನಪ್ಪನ ಅಂಗಡಿ ಮುಂದಿನ ಪೆಂಡಾಲಿನಲ್ಲಿ ಸ್ವಾಮಿಗಳ ಪಾದಪೂಜೆ ಮುಗಿದಿತ್ತು, ಭಜನೆಯವರು ಮೈಕಿನ ಮುಂದೆ ಕೂತಿದ್ದರು, ಜನ ಊಟಕ್ಕೆ ಏಳುವವರಿದ್ದರು. ಅವನನ್ನು ಕಂಡದ್ದೇ ಭಜನೆ ನಿಂತಿತು. ತಿರುಗಿ ನೋಡಿದರೆ ಅವನ ಸಭೆಯ ಜನವೂ ಶೆಡ್ಡಿನ ಮುಂದೆ ಸಾಲಾಗಿ ನಿಂತಿದ್ದರು. ಪಾಸ್ಟರು ಆ ಮನೆಯ ಪ್ರಸಾದ ಮುಟ್ಟುತ್ತಾರೋ, ಫೋಟೋಕ್ಕೆ ಕೈ ಮುಗಿಯುತ್ತಾರೋ ಎಂದು ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಬಾಯಿ ಬಿಟ್ಟರೆ ಒಂದು ಕಡೆಯವರನ್ನು ಕಳೆದುಕೊಳ್ಳುವುದು ಖಂಡಿತ ಎಂದು ಭೀಮರಾಜನಿಗೆ ಗೊತ್ತಾಯಿತು.

ಉಜ್ಜಿನಪ್ಪನ ಹೆಂಡತಿ ಅನ್ನದಾನಮ್ಮ ಗಂಡನ ಫೋಟೋದ ಪಕ್ಕದಿಂದ ಎದ್ದು ಬಂದಳು. ಅತ್ತು ಅತ್ತು ದನಿ ಬಿದ್ದುಹೋಗಿತ್ತು.

"ಭೀಮರಾಜ, ನೀ ಅವತ್ತು ಮೈಕ್ನ್ಯಾಗ ಹೇಳಿದ್ದು ಅವರೂ ಕೇಳಿದ್ರು, ನಾನೂ ಕೇಳಿದೆ. ಅವರು ನಕ್ಕು ಸುಮ್ನಾದ್ರು. ನನಗ ನಿದ್ದಿ ಬರವಲ್ದು. ಖರೇ ಹೇಳು, ನಮ್ಮ ಮನಿಯವ್ರು ಎಲ್ಲಿ ಹೋಗ್ಯಾರ?"

ಕೈಲಾಸ ಎಂದರೆ ಭೀಮರಾಜ ತಾನು ನಂಬಿದ್ದಕ್ಕೇ ಮೋಸ ಮಾಡಿದಂತೆ. ನರಕ ಎನ್ನಲು ಎದುರಿಗೆ ಈ ತಾಯಿ.

"ಅದು ನನ್ನ ಮಾತಲ್ರಿ ಅಮ್ಮಾರ. ದೇವ್ರ ವಾಕ್ಯ ಹಂಗ ಹೇಳ್ತೈತಿ."

"ಹೌದೇನು? ಆ ವಾಕ್ಯದಾಗ ನಮ್ಮ ಮನಿಯವ್ರ ಹೆಸರಿತ್ತೇನು?"

ಭೀಮರಾಜ ತಲೆ ತಗ್ಗಿಸಿದ. ಇಷ್ಟು ವರ್ಷ ಮೈಕು ಹಿಡಿದವನಿಗೆ ಇಂಥ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ.

"ಇಲ್ರಿ. ಹೆಸರು ಹಾಕಿದಾಂವ ನಾನು."

"ಹಂಗಾದ್ರ ತಗಿ. ಮೈಕ್ನ್ಯಾಗ ಹಾಕಿದ್ದಿ, ಮೈಕ್ನ್ಯಾಗ ತಗಿ."

ಪ್ರವೀಣಕುಮಾರ ಭಜನೆಯವರ ಮೈಕು ತಂದು ಅವನ ಕೈಗೆ ತುರುಕಿದ. ರಸ್ತೆಯಾಚೆಯಿಂದ ಒಬ್ಬಳು "ಬ್ಯಾಡ್ರಿ ಪಾಸ್ಟ್ರ!" ಎಂದು ಕೂಗಿದಳು. ಭೀಮರಾಜ ಮೈಕನ್ನು ಬಾಯಿಗೆ ಹಿಡಿದ.

"ಯೇಸುವಿನಿಂದನ ರಕ್ಷಣೆ ಅಂತ ನಾ ಈಗ್ಲೂ ನಂಬೀನಿ. ಅದನ್ನ ಬಿಡೂದಿಲ್ಲ. ಆದ್ರ ಆತ ಯಾರನ್ನ ಒಳಗ ಕರೀತಾನ, ಯಾರನ್ನ ಬಿಡ್ತಾನ, ಅದು ಆತನ ಕೆಲಸ. ಬಾಗಿಲಾಗ ನಿಂತು ಹೆಸರು ಕೂಗು ಅಂತ ನನ್ನ ಯಾರೂ ಇಟ್ಟಿಲ್ಲ. ಸಾವ್ಕಾರ್ರ ಹೆಸರು ತಗೊಂಡದ್ದು ನನ್ನ ತಪ್ಪು. ಅದನ್ನ ವಾಪಸ್ ತಗೋತೀನಿ."

ಅನ್ನದಾನಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಪ್ರವೀಣಕುಮಾರನ ಬಿಗಿದ ಮುಷ್ಟಿ ಸಡಿಲವಾಯಿತು. ಸದ್ಯ ಪಾರಾದೆ ಎಂದು ಭೀಮರಾಜ ಉಸಿರು ಬಿಡುವಷ್ಟರಲ್ಲಿ ರಸ್ತೆಯಾಚೆಯ ಸಾಲಿನಿಂದ ಒಬ್ಬ ಈಚೆಗೆ ಬಂದ. ಹಮಾಲಿ ಜಂಬಣ್ಣ. ಸಭೆಯಲ್ಲಿ ಯಾವಾಗಲೂ ಕೊನೆಗೆ ಕೂರುವವನು, ಎದುರು ಮಾತಾಡಿದವನೇ ಅಲ್ಲ. ಸೀದಾ ಪೆಂಡಾಲಿನೊಳಗೆ ಬಂದು ಭೀಮರಾಜನ ಮುಂದೆ ನಿಂತ.

"ಸಾವ್ಕಾರ್ರ ಹೆಸರು ವಾಪಸ್ ತಗೊಂಡ್ರಿ. ಚಲೋ ಆತು. ಹೋದ ವರ್ಷ ನಮ್ಮವ್ವ ಸತ್ತಾಗ ಏನಂದಿದ್ರಿ? ಆಕಿ ದುರ್ಗವ್ವಗ ನಡಕೊಂಡಾಕಿ, ಆಕಿ ದಾರಿ ಬ್ಯಾರೆ, ಮಣ್ಣಿಗೆ ಹೋಗಬ್ಯಾಡ ಅಂದ್ರಿ. ನಾ ಹೋಗಲಿಲ್ಲ. ಆಕಿ ಮುಖ ಸೈತ ನೋಡಲಿಲ್ಲ."

ಜಂಬಣ್ಣ ಅಷ್ಟಕ್ಕೇ ಬಿಡದೆ ಮತ್ತೆ ಕೇಳಿದ.

"ನೀವು ಮಾತು ವಾಪಸ್ ತಗೊಂಡ್ರಿ ಪಾಸ್ಟ್ರ. ನಾ ಏನು ವಾಪಸ್ ತಗೊಳ್ಳಲಿ?"

ಭೀಮರಾಜ ಮೈಕು ಹಿಡಿದ ಕೈಯಿಂದಲೇ ಮುಖ ಮುಚ್ಚಿಕೊಂಡ. ಮೈಕು ಆನ್ ಇದ್ದದ್ದರಿಂದ ಅವನು ಅತ್ತದ್ದು ಊರಿಗೆಲ್ಲ ಕೇಳಿಸಿತು.