ಅಧ್ಯಾಯಕ್ಕೊಂದು ಅರ್ಧ ಗಂಟೆ

ನಾನು ಯಾವ ವಸ್ತುವನ್ನೂ ಹೇಳಿದ ಬೆಲೆಗೆ ಕೊಂಡವಳಲ್ಲ. ಸಿಡ್ನಿಯ ಎಪ್ಪಿಂಗ್‌ನ ನಮ್ಮ ಅಪಾರ್ಟ್‌ಮೆಂಟಿನ ಸೋಫಾ, ಊಟದ ಮೇಜು, ಮಕ್ಕಳ ಮಂಚ ಎಲ್ಲವೂ ಯಾರದೋ ಮನೆಗೆ ಹೋಗಿ, ಮಾತಾಡಿ, ಒಪ್ಪಿಸಿ ತಂದಂಥವು. ನೀವೂ ತರುವುದಾದರೆ ಅವರು ಮನೆ ಖಾಲಿ ಮಾಡುವ ಹಿಂದಿನ ದಿನ ಹೋಗಿ. ಆಗ ಅವರಿಗೆ ಸೋಫಾ ಒಮ್ಮೆ ಹೊರಗೆ ಹೋದರೆ ಸಾಕಾಗಿರುತ್ತದೆ. ಅಡುಗೆಮನೆಯಲ್ಲಿ ನಾಲ್ಕು ಡಬ್ಬಿ ಕಟ್ಟುವುದರಿಂದ ಶುರು ಮಾಡಿದವಳು, ಈಗ ಮ್ಯಾಕ್ವೆರಿ ಪಾರ್ಕಿನ ಆಫೀಸುಗಳಿಗೆ ಮಧ್ಯಾಹ್ನದ ಊಟ ಕಳಿಸುತ್ತೇನೆ. ಇದನ್ನು ಹೇಳುತ್ತಿರುವುದು ಜಂಬಕ್ಕಲ್ಲ. ಇಂಥವಳು ಮಕ್ಕಳಿಗೆ ಕಥೆ ಓದಲು ಕೂತರೆ ಏನಾಗುತ್ತದೆ ಎಂಬುದು ಗೊತ್ತಾಗಲಿ ಅಂತ.

ಕಥೆ ಐದು ಪುಸ್ತಕಗಳದ್ದು. ಹುಬ್ಬಳ್ಳಿಯಲ್ಲಿ ನಮ್ಮ ಓಣಿಯ ಬಾಡಿಗೆ ಲೈಬ್ರರಿಯಲ್ಲಿದ್ದವು. ಲೋಕದ ಗಾಳಿಗಳನ್ನೆಲ್ಲ ಗಡಿಗೆಗಳಲ್ಲಿ ತುಂಬಿಟ್ಟುಕೊಂಡ ಒಂದು ಊರು. ಮೂಡಣ ಗಾಳಿಯ ಗಡಿಗೆ ಕಳುವಾಗುತ್ತದೆ. ಅದನ್ನು ಹುಡುಕಿಕೊಂಡು ಕುಂಬಾರರ ಹುಡುಗಿಯೊಬ್ಬಳು, ಮಾತಾಡುವ ಕತ್ತೆಯ ಜೊತೆ ಹೊರಡುತ್ತಾಳೆ. ಕತ್ತೆಗೆ ಎಲ್ಲಕ್ಕೂ ಬೇಸರ. ಲೈಬ್ರರಿ ಮುಚ್ಚುವಾಗ ಮಾಲೀಕರ ಹತ್ತಿರ ವಾದ ಮಾಡಿ ಐದನ್ನೂ ಮನೆಗೆ ತಂದವಳು ನಾನೇ. ಮದುವೆಯಾಗಿ ಸಿಡ್ನಿಗೆ ಬರುವಾಗ ಲಗೇಜಿನ ತೂಕ ನೋಡಿ ಮೊದಲೆರಡನ್ನು ನಾನಿಟ್ಟುಕೊಂಡೆ. ಉಳಿದ ಮೂರು ತಮ್ಮನ ಪಾಲಿಗೆ ಹೋದವು. ಆಮೇಲೆ ಅವನೂ ಮೆಲ್ಬರ್ನ್‌ಗೆ ಬಂದ, ಅವನ ಜೊತೆ ಅವೂ ಬಂದವು.

ದೊಡ್ಡ ಮಗಳಿಗೆ ಎಂಟು, ಚಿಕ್ಕವಳಿಗೆ ಐದು. ಕನ್ನಡ ಅರ್ಥವಾಗುತ್ತದೆ, ಉತ್ತರ ಇಂಗ್ಲಿಷಿನಲ್ಲಿ. ಇನ್ನೊಂದು ವರ್ಷ ಬಿಟ್ಟರೆ ದೊಡ್ಡವಳು ತನ್ನಷ್ಟಕ್ಕೆ ತಾನೇ ಓದಿಕೊಳ್ಳುತ್ತಾಳೆ, ನನ್ನ ಪಕ್ಕ ಕೂತು ಕೇಳುವ ಕಾಲ ಮುಗಿಯುತ್ತದೆ ಎಂದು ನನಗೆ ಗೊತ್ತಿತ್ತು. ನನ್ನ ಬಾಲ್ಯದಿಂದ ಇವರಿಗೆ ಕೊಡಬೇಕು ಅನ್ನಿಸಿದ್ದು ಇದೊಂದೇ. ಹಿಡಿಸಿದರೆ ಈಗ, ಇಲ್ಲವಾದರೆ ಇಲ್ಲ.

ಹಾಗಾಗಿ ನನಗೆ ತಿಳಿದ ದಾರಿಯನ್ನೇ ಹಿಡಿದೆ. ಒಂದು ಅಧ್ಯಾಯ ಕೇಳಿದರೆ ಅರ್ಧ ಗಂಟೆ ಐಪ್ಯಾಡ್.

ಒಪ್ಪಂದ ಚೆನ್ನಾಗಿಯೇ ನಡೆಯಿತು. ಸಂಜೆ ಸ್ನಾನ ಮುಗಿಸಿ ಇಬ್ಬರೂ ಬಂದು ಕೂರುತ್ತಿದ್ದರು. ನಾನು ಓದುತ್ತಿದ್ದೆ. ಅಚ್ಚಾದದ್ದು ಅಚ್ಚಾದ ಹಾಗೇ, ಒಂದಕ್ಷರ ಬಿಡದೆ. ಚಿಕ್ಕವಳು ಪುಟ ತಿರುಗಿಸಿ ಇನ್ನೆಷ್ಟಿದೆ ಎಂದು ನೋಡುತ್ತಿದ್ದಳು. ದೊಡ್ಡವಳು ಎರಡು ಸಣ್ಣ ಅಧ್ಯಾಯ ಸೇರಿಸಿ ಒಂದು ಗಂಟೆ ಐಪ್ಯಾಡ್ ಬೇಕೆನ್ನುತ್ತಿದ್ದಳು. ದೊಡ್ಡ ಅಧ್ಯಾಯ ಬಂದರೆ ಹತ್ತು ನಿಮಿಷ ಹೆಚ್ಚಿಗೆ. ನನ್ನ ಮಗಳೇ ಸರಿ ಅಂತ ಒಳಗೊಳಗೇ ಹೆಮ್ಮೆಪಟ್ಟೆ. ಎರಡನೇ ಪುಸ್ತಕ ಮುಗಿಯುತ್ತ ಬಂದಾಗ ಒಂದು ಶನಿವಾರ ಐಪ್ಯಾಡ್ ಕೆಟ್ಟಿತು. ರಿಪೇರಿಗೆ ಕೊಟ್ಟಿದ್ದೇನೆ, ಬನ್ನಿ, ಓದೋಣ ಎಂದೆ.

"ದೆನ್ ನೋ ಸ್ಟೋರಿ ಟುಡೇ, ಅಮ್ಮ," ಅಂದಳು ದೊಡ್ಡವಳು.

ಸಿಟ್ಟಿನಿಂದಲ್ಲ. ಪೆಂಡಲ್ ಹಿಲ್‌ನಲ್ಲಿ ನನಗೆ ಅಕ್ಕಿ ಕೊಡುವ ಅಂಗಡಿಯವನು, ಇವತ್ತು ಸ್ಟಾಕ್ ಬಂದಿಲ್ಲ ಅನ್ನುತ್ತಾನಲ್ಲ, ಹಾಗೆ. ನಿಲ್ಲಿಸಿದ್ದ ಪುಟ ತೆರೆದು ನೋಡಿದೆ. ಕುಂಬಾರರ ಹುಡುಗಿ ಸೇತುವೆಯ ನಡುವೆ ನಿಂತಿದ್ದಳು. ಅವಳಿಗೆ ಏನಾಗುತ್ತದೋ ಎಂದು ನನ್ನ ಮಕ್ಕಳು ಒಮ್ಮೆಯೂ ಕೇಳಿರಲಿಲ್ಲ.

ಐಪ್ಯಾಡ್ ವಾಪಸು ಬಂದ ಮೇಲೆ ಎರಡನೆಯದು ಹೇಗೋ ಮುಗಿಯಿತು, ಹುಡುಗಿ ಇನ್ನೂ ಸೇತುವೆಯ ಮೇಲಿರುವಾಗಲೇ. ಮೂರನೆಯದಕ್ಕೆ ತಮ್ಮನ ಮನೆಗೇ ಹೋಗಬೇಕಿತ್ತು. ಈಸ್ಟರ್ ರಜೆಗೆ ಮೆಲ್ಬರ್ನ್‌ಗೆ ಕಾರಿನಲ್ಲಿ ಹೊರಟೆವು. ಮಕ್ಕಳ ಜೊತೆ ಹ್ಯೂಮ್ ಹೈವೇಯಲ್ಲಿ ಹೋಗುವವರು ಬೆಳಗಾಗುತ್ತಲೇ ಹೊರಡಿ, ಇಡ್ಲಿ ಕಟ್ಟಿಕೊಂಡು ಹೋಗಿ, ಚಟ್ನಿ ಬೇಡ. ದಾರಿಯಲ್ಲಿ ಗಂಡನಿಗೆ ಹೇಳಿದೆ: "ಮೂರನೆಯದೂ ಇವರಿಗೆ ಹಿಡಿಸದಿದ್ದರೆ ಎಲ್ಲ ತಮ್ಮನಿಗೇ ಕೊಟ್ಟು ಬರ್ತೀನಿ."

"ಕೊಡೋದಾ? ನೀನಾ?" ಅಂದರು ಅವರು. ನಾನು ನಗದಿದ್ದುದನ್ನು ಕಂಡು ರಸ್ತೆಯ ಕಡೆ ಕಣ್ಣು ತಿರುಗಿಸಿದರು.

ಟಾರ್ನೀಟ್‌ನಲ್ಲಿ ತಮ್ಮನ ಮನೆಯ ಹಿತ್ತಲಲ್ಲಿ ಮಧ್ಯಾಹ್ನದ ಬಿಸಿಲು. ಅವನು ಬಟ್ಟೆ ಒಣಹಾಕುತ್ತಿದ್ದ. ಒಳಗಿಂದ ಮೂರನೇ ಪುಸ್ತಕ ತಂದು ಅವನ ಕೈಗಿಟ್ಟು, ಅಭ್ಯಾಸಬಲದಿಂದ ಮಕ್ಕಳಿಗೆ ಹೇಳಿದೆ: "ಮಾಮ ಓದ್ತಾನೆ. ಒಂದು ಅಧ್ಯಾಯಕ್ಕೆ ಅರ್ಧ ಗಂಟೆ, ಗೊತ್ತಲ್ಲ?"

ತಮ್ಮ ಇನ್ನೊಂದು ಕೈಯಲ್ಲಿ ಒದ್ದೆ ಅಂಗಿಯನ್ನು ಹಾಗೇ ಹಿಡಿದು ನಿಂತ. "ಏನ್ ಅರ್ಧ ತಾಸು?"

ಹೇಳಿದೆ.

"ಕಥಿ ಕೇಳಾಕ ಪಗಾರ ಕೊಡಾಕತ್ತೀಯೇನ ಅಕ್ಕಾ? ನಮಗ ಯಾರ್ ಕೊಟ್ಟಿದ್ರು? ಅಪ್ಪ ದೀಪ ಆರಿಸು ಅಂದ್ರೂ ಕೇಳತಿದ್ದಿಲ್ಲ ನೀನು."

"ನಿನಗೆ ಮಕ್ಕಳಿಲ್ಲ, ನಿನಗೇನು ಗೊತ್ತು," ಎಂದುಬಿಟ್ಟೆ. ಆಡಬಾರದ ಮಾತು. ಅವನು ಬೇಜಾರು ಮಾಡಿಕೊಂಡಂತೆ ಕಾಣಲಿಲ್ಲ. ಖಾಲಿಯಿದ್ದ ಇನ್ನೊಂದು ಬುಟ್ಟಿಯನ್ನು ಬೋರಲು ಹಾಕಿ ಅದರ ಮೇಲೆ ಕೂತು, ಪುಸ್ತಕ ತೆರೆದು, ತನ್ನಷ್ಟಕ್ಕೆ ಓದತೊಡಗಿದ. ಮನಸ್ಸಿನಲ್ಲೇ. ಒಂದು ಪುಟ ಆಯಿತು. ಎರಡನೆಯದರಲ್ಲಿ ಕತ್ತೆಯ ಮಾತಿಗೆ ಕಿಸಕ್ಕನೆ ನಕ್ಕ. ಮೂರನೆಯದಕ್ಕೆ ತೊಡೆ ತಟ್ಟಿಕೊಂಡ.

ಚಿಕ್ಕವಳು ಹತ್ತಿರ ಹೋಗಿ, ಏನಾಯಿತು ಎಂದು ಇಂಗ್ಲಿಷಿನಲ್ಲಿ ಕೇಳಿದಳು.

"ಕತ್ತಿ ಏನೋ ಅಂದಿತು. ನಿನಗ್ಯಾಕ? ಹೋಗು, ಐಪ್ಯಾಡ್ ನೋಡು."

"ಏನಂತು?"

"ನಾ ಹೇಳಂಗಿಲ್ಲ. ನನ್ನ ಪುಸ್ತಕ, ನಾ ಓದಾಕತ್ತೀನಿ."

ಅವಳು ಅವನ ಮೊಣಕಾಲಿಗೆ ಒರಗಿ ಪುಟದೊಳಗೆ ಇಣುಕಿದಳು. ಒಂದಕ್ಷರವೂ ಬಾರದವಳು ಏನು ನೋಡುತ್ತಾಳೆ? ದೊಡ್ಡವಳು ದೂರದಲ್ಲಿ, ಬೇಲಿಗೆ ಬೆನ್ನು ಕೊಟ್ಟು ನಿಂತಿದ್ದಳು. ತಮ್ಮ ಮತ್ತೆ ನಕ್ಕ. ಸೇತುವೆ ಮುರಿಯಿತು ಎಂದು ಯಾರಿಗೋ ಹೇಳುವಂತೆ ಹೇಳಿಕೊಂಡ.

"ಶೀ ಫೆಲ್?" ಎಂದಳು ದೊಡ್ಡವಳು. ನಾನು ತಿರುಗಿ ನೋಡಿದೆ. ಅವಳ ಮುಖದಲ್ಲಿ ನಿಜವಾದ ಭಯವಿತ್ತು. ಸಂಜೆಯ ಆ ಓದಿನಲ್ಲಿ ಅವಳು ನಿಮಿಷ ಮಾತ್ರ ಎಣಿಸುತ್ತಿರಲಿಲ್ಲ, ಕೇಳಿಸಿಕೊಳ್ಳುತ್ತಲೂ ಇದ್ದಳು. ನಾನೇ ಅದಕ್ಕೊಂದು ದರ ಕಟ್ಟಿದ್ದರಿಂದ ಅವಳೂ ದರದ ಮಾತನ್ನೇ ಆಡಿದ್ದಳು.

"ನಿಮ್ಮವ್ವನ್ನ ಕೇಳು," ಎಂದ ತಮ್ಮ, ಪುಸ್ತಕ ನನ್ನ ಕಡೆ ಚಾಚಿ. "ಬಟ್ಟಿ ಇನ್ನೂ ಅರ್ಧ ಉಳದಾವ."

ಹುಲ್ಲಿನ ಮೇಲೆ ಕೂತೆ. ಯಾವ ಷರತ್ತನ್ನೂ ಹೇಳಲಿಲ್ಲ. ಹೇಳದೆ ಇರುವುದು ನನಗೆ ಸುಲಭವಾಗಿರಲಿಲ್ಲ, ನಾಲಿಗೆಯ ತುದಿಯಲ್ಲೇ ಇತ್ತು. ಸೇತುವೆ ಮುರಿಯುವಲ್ಲಿಂದ ಶುರು ಮಾಡಿದೆ. ಅಚ್ಚಿನ ಭಾಷೆ ಬಿಟ್ಟು, ಕತ್ತೆಗೆ ನಮ್ಮ ಓಣಿಯ ಮಾತು ಕೊಟ್ಟೆ. ಚಿಕ್ಕವಳು ನನ್ನ ತೊಡೆಯ ಮೇಲೆ, ದೊಡ್ಡವಳು ಮೊದಲು ಎದುರಿಗೆ, ಆಮೇಲೆ ಪಕ್ಕಕ್ಕೆ. ಹುಡುಗಿ ಬಿದ್ದಿರಲಿಲ್ಲ, ಕತ್ತೆಯ ಬಾಲ ಹಿಡಿದು ತೂಗಾಡುತ್ತಿದ್ದಳು. ಬಟ್ಟೆ ಒಣಗುವವರೆಗೂ ಓದಿದೆ. ಮೇಲೇಳುವಾಗ ಕಾಲು ಜೋಮು ಹಿಡಿದಿತ್ತು. ಗಂಡ ಬಂದು ಎಬ್ಬಿಸಿದರು.

ಹೊರಡುವ ದಿನ ತಮ್ಮ ಮೂರು ಪುಸ್ತಕಗಳನ್ನೂ ಚೀಲದಲ್ಲಿ ಹಾಕಿ ಕೊಟ್ಟ. ಅವತ್ತು ಆಡಿದ ಮಾತಿಗೆ ತಪ್ಪಾಯಿತು ಎಂದೆ. "ಆತ್ ಬಿಡು, ಮೊದಲ ಕಾರಿನ ಟೈರ್ ನೋಡಕೊ," ಎಂದ.

ಈಗ ಎಪ್ಪಿಂಗ್‌ನಲ್ಲಿ ಐದನೆಯ ಪುಸ್ತಕ ನಡೆಯುತ್ತಿದೆ. ನನ್ನ ಹಾಗೆ ಲೆಕ್ಕಾಚಾರದ ಬುದ್ಧಿಯಿರುವ ತಾಯಂದಿರಿಗೆ ಒಂದು ಮಾತು: ನಿಮಗೆ ಪ್ರೀತಿಯಿರುವುದನ್ನು ಮಕ್ಕಳ ಮುಂದೆ ಕೆಲಸದಂತೆ ಇಡಬೇಡಿ. ಅವರು ಕೂಲಿ ಕೇಳುತ್ತಾರೆ, ತಪ್ಪು ಅವರದಲ್ಲ.

ಮೊನ್ನೆ ಭಾನುವಾರ ದೊಡ್ಡವಳು ಉಳಿದ ಪುಟಗಳನ್ನು ಬೆರಳಿನಲ್ಲಿ ಹಿಡಿದು ದಪ್ಪ ನೋಡಿದಳು.

"ಇದಾದ ಮೇಲೆ ಆರನೆಯದು ಇಲ್ವಾ?" ಕನ್ನಡದಲ್ಲೇ ಕೇಳಿದಳು.

"ಇಲ್ಲ, ಇಷ್ಟೇ."

ಯೋಚಿಸಿದಳು. "ದೆನ್ ಅರ್ಧ ಪೇಜ್. ದಿನಕ್ಕೆ."

"ಒಂದು ಪೂರ್ತಿ ಪುಟ ಓದ್ತೀನಿ," ಎಂದೆ ನಾನು. ಮುಂದೇನಾಗುತ್ತದೆ ಎಂದು ನನಗೇ ತಡೆಯಲಾಗುತ್ತಿರಲಿಲ್ಲ, ಹತ್ತು ಸಲ ಓದಿದವಳಿಗೆ.

"ಅರ್ಧ," ಎಂದಳು ಚಿಕ್ಕವಳೂ, ಅಕ್ಕನ ಪರ.

ಬಹಳ ವಾದ ಮಾಡಿದೆ. ಒಪ್ಪಲಿಲ್ಲ. ಅರ್ಧ ಪುಟ ಓದಿ ನಿಲ್ಲಿಸಿದೆ.