ಕೆಂಪು ನಕ್ಷತ್ರದ ವಾರ

ಮೂರನೇ ತರಗತಿಯ ಟೀಚರಿಗೆ ಇಡೀ ಶಾಲೆಯಲ್ಲಿ ‘ಬೆಲ್ಲದ ಟೀಚರ್’ ಎಂದೇ ಹೆಸರು. ಗದರಿಸಲು ಬಾಯಿ ತೆರೆದರೂ ‘ಕಂದಾ’ ಎಂದೇ ಹೊರಬರುತ್ತಿತ್ತು, ಪಾಪ! ಹಾಸಿಗೆ ಹಿಡಿದ ತಾಯಿಯನ್ನು ನೋಡಿಕೊಳ್ಳುತ್ತ, ಮದುವೆಯ ಮಾತೆತ್ತದೆ, ಅರ್ಧ ಆಯಸ್ಸನ್ನು ಅದೇ ತರಗತಿಯ ಕೋಣೆಯಲ್ಲಿ ಸವೆಸಿದವರು. ಅವರಿಗಿದ್ದ ಹೆಮ್ಮೆ ಒಂದೇ, ಒಬ್ಬ ನಾಯಕನ ಪಾಠ. ತನ್ನ ಜನರೂ ಎಲ್ಲರ ಪಕ್ಕದಲ್ಲಿ ಕೂರಬೇಕೆಂದು ಹೋರಾಡಿ, ಏಟು ತಿಂದು, ಜೈಲು ಕಂಡವನ ಕಥೆ. ಹೇಳುವಾಗ ಪ್ರತಿ ವರ್ಷವೂ ಕಣ್ಣು ತುಂಬುತ್ತಿತ್ತು. ಪಾಠ ಮುಗಿದ ವಾರ, ತರಗತಿಯಲ್ಲಿ ಯಾರಿಗಾದರೂ ಒಳ್ಳೆಯದು ಮಾಡಿದ ಮಗುವಿನ ಅಂಗಿಗೆ ಕೆಂಪು ಕಾಗದದ ನಕ್ಷತ್ರ ಚುಚ್ಚುತ್ತಿದ್ದರು.

ಈ ವರ್ಷ ತರಗತಿಗೆ ಮಿಂಚು ಎಂಬ ಹೊಸ ಹುಡುಗಿ ಬಂದಿದ್ದಳು. ಓಟದಲ್ಲಿ ಅವಳನ್ನು ಹಿಡಿಯುವ ಗಂಡುಮಕ್ಕಳೇ ಇರಲಿಲ್ಲ. ‘ಮಿಂಚು ನಮ್ಮ ಕಡೆ’, ‘ಇಲ್ಲ, ನಮ್ಮ ಕಡೆ’ ಎಂದು ದಿನಾ ಜಗಳ. ಅವಳ ತಾಯಿ ಯಾರು, ಏನು ಎಂದು ಯಾರಿಗೂ ಬೇಕಾಗಿರಲಿಲ್ಲ.

ಬೇಕಾಗುವಂತೆ ಮಾಡಿದವರು ಟೀಚರ್. ಪಾಠದ ಭರದಲ್ಲಿ ಅಂದುಬಿಟ್ಟರು: “ನಮ್ಮ ಕಕ್ಕಸು ತೊಳೀತಾರಲ್ಲ ಆಯಾ, ಅವರು ನಮ್ಮ ಮಿಂಚು ಅಮ್ಮ. ಇಂಥವರಿಗೋಸ್ಕರಾನೇ ಆ ನಾಯಕ ಹೋರಾಡಿದ್ದು, ಗೊತ್ತಾಯ್ತಾ?”

ಪ್ರೀತಿಯಿಂದಲೇ ಅಂದದ್ದು. ಆದರೆ ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು!

ಮಕ್ಕಳಿಗೆ ನಕ್ಷತ್ರದ ದಾರಿ ಸಿಕ್ಕಿತು. ಮೋಟು ಪೆನ್ಸಿಲ್, ಕಚ್ಚಿದ ರಬ್ಬರು, ಅಕ್ಕನ ಹಳೇ ಸ್ವೆಟರು, ಎಲ್ಲವೂ ಮಿಂಚುವಿನ ಬೆಂಚಿಗೆ ಬಂದು ಬಿದ್ದವು. ಟೀಚರಿಗೆ ಮೊದಮೊದಲು ಸಂತೋಷವೇ. ಆಮೇಲೊಂದು ಮಧ್ಯಾಹ್ನ ಕಿಟಕಿಯಿಂದ ಅಂಗಳ ನೋಡಿದರು. ಮುಟ್ಟಾಟ ನಡೆದಿತ್ತು. ಮಿಂಚು ಓಡುತ್ತಿದ್ದಳು, ಹಿಂದೆ ಬಿದ್ದವರು ಬೇಕೆಂದೇ ನಿಧಾನವಾಗಿ ಓಡುತ್ತಿದ್ದರು.

“ಅವಳನ್ನ ಮುಟ್ಬೇಡ್ರೋ, ಪಾಪ! ಅವಳೇ ಗೆಲ್ಲಲಿ!” ಎಂದು ಒಬ್ಬ ಕೂಗಿದ.

ಹುಡುಗಿ ಒಮ್ಮೆ ಹಿಂತಿರುಗಿ ನೋಡಿ ಅಂಗಳದ ನಡುವೆ ನಿಂತುಬಿಟ್ಟಳು. ಟೀಚರ್ ಕಿಟಕಿಯ ಸರಳು ಹಿಡಿದುಕೊಂಡರು. ಅಯ್ಯೋ, ಎಲ್ಲರ ಪಕ್ಕದಲ್ಲಿ ಕೂತಿದ್ದವಳನ್ನು ನಾನೇ ಎಬ್ಬಿಸಿ ನಿಲ್ಲಿಸಿದೆನಲ್ಲ! ಆ ದಿನದಿಂದ ಅವಳು ಓಡಲಿಲ್ಲ. ‘ಹಾಗೆ ಮಾಡಬೇಡಿ ಕಂದಾ’ ಎಂದು ಟೀಚರ್ ತಿಳಿಹೇಳಿದರೆ ಮಕ್ಕಳು ಪಿಳಿಪಿಳಿ ನೋಡಿದರು. ಒಳ್ಳೆಯದು ಮಾಡಿ ಅಂದವರೂ ಇವರೇ, ಬೇಡ ಅನ್ನುವವರೂ ಇವರೇ!

ಶನಿವಾರ ನೋಡಿದರೆ ನಕ್ಷತ್ರವಿಲ್ಲದ ಅಂಗಿ ಅವಳದೊಂದೇ. ಹೇಗಾದರೂ ಸರಿಪಡಿಸಬೇಕೆಂದು ಟೀಚರ್ ಅವಳನ್ನು ಹತ್ತಿರ ಕರೆದರು.

“ನೀನೂ ಯಾರಿಗಾದ್ರೂ ಒಳ್ಳೇದು ಮಾಡಿರ್ತೀಯ, ಅಲ್ವಾ ಕಂದಾ?”

“ಮಾಡಿದೀನಿ ಟೀಚರ್. ಎಲ್ರಿಗೂ.”

“ಏನು ಮಾಡ್ದೆ?”

“ಕೊಟ್ಟಿದ್ದೆಲ್ಲ ತಗೊಂಡೆ.”

ಟೀಚರ್ ನಕ್ಷತ್ರ ಚುಚ್ಚಲು ಹೋದರೆ ಹುಡುಗಿ ಒಂದು ಹೆಜ್ಜೆ ಹಿಂದೆ ಸರಿದಳು.

“ಇದು ಬೇಡ. ಅಮ್ಮನ ಕೆಲಸ ಹೇಳಿದ್ರಲ್ಲ, ಅದನ್ನ ವಾಪಸ್ ತಗೊಳ್ಳಿ ಟೀಚರ್.”

ಅವಳು ಅಂದದ್ದು ಹಿಂದಿನ ಬೆಂಚುಗಳಿಗೆ ಕೇಳಿಸಲಿಲ್ಲ. ಮಿಂಚುವಿಗೂ ನಕ್ಷತ್ರ ಸಿಕ್ಕಿತೆಂದುಕೊಂಡು ಮಕ್ಕಳೆಲ್ಲ ಎದ್ದು ನಿಂತು, ಬೇರೆ ಯಾರಿಗೂ ತಟ್ಟದಷ್ಟು ಜೋರಾಗಿ ಅವಳಿಗೆ ಚಪ್ಪಾಳೆ ತಟ್ಟಿದರು.