ರಾಜನ್ನ ಮುಟ್ಟಿ ಕಣ್ಣಿಗೊತ್ತಿಕೊಂಡವರು

ದೋಸ್ತರ, ಇವತ್ತು ಕೊಪ್ಪಳದ ಚೆಸ್ ಟೂರ್ನಮೆಂಟಿನ್ಯಾಗ ಕರಿ ಕಾಯಿ ಹಿಡಿದು ಗೆದ್ದೆ. ಗೆಲ್ಲಬಾರದಿತ್ತು.

ಎದುರಿಗೆ ಯಲಬುರ್ಗಾದ ರಿಟೈರ್ಡ್ ಕಂಡಕ್ಟರ್ ಅಜ್ಜಾರು. ಇಟಾಲಿಯನ್ ಓಪನಿಂಗ್ ಅನ್ನೋ ನಡಿಲೆ ಆಟ ಶುರು ಮಾಡಿ, ನನ್ನ ರಾಣಿನ್ನ ಮೂಲಿಗೆ ಹಾಕಿದ್ರು. ಹೊಡಿಯೋದಷ್ಟ ಬಾಕಿ. ಅದಕ್ಕೂ ಮುಂಚೆ ತಮ್ಮ ರಾಜನ್ನ ಮುಟ್ಟಿ ಕಣ್ಣಿಗೊತ್ತಿಕೊಂಡ್ರು.

ನಾ ಕೈ ಎತ್ತಿ ಅಂಪೈರನ್ನ ಕರದೆ. "ರಾಜನ್ನ ಮುಟ್ಯಾರ್ರಿ. ಮುಟ್ಟಿದ ಕಾಯಿನ ನಡಸಬೇಕು."

ಅಜ್ಜಾರು ಗಾಬರಿಯಾದ್ರು. "ತಮ್ಮಾ, ದೊಡ್ಡ ಕಾಯಿ ಹೊಡಿಯೋ ಮುಂಚೆ ರಾಜಗ ನಮಸ್ಕಾರ ಮಾಡೂದು ನಮ್ಮೂರ ಕಟ್ಟಿ ಮ್ಯಾಲ ಕೂತು ಆಡೋರ ರೂಢಿಪಾ."

ಅಂಪೈರ್ ರೂಲು ಬಿಡಲಿಲ್ಲ, ನಾನೂ ಬಿಡಲಿಲ್ಲ. ರಾಜ ಸರಿದ, ನನ್ನ ರಾಣಿ ಉಳೀತು, ಅಜ್ಜಾರು ಸೋತ್ರು. ಹೋಗುವಾಗ ಕೈ ಕುಲುಕಿ "ಛಲೋ ಆಡಿದಿ" ಅಂದ್ರು.

ಮನಿಗೆ ಬಂದ ಕೂಡ್ಲೆ ಹೆಂಡ್ತಿ "ಗೆದ್ರಿ ಏನು?" ಅಂತ ಕೇಳಿದ್ಲು.

"ಕರಿ ಕಾಯಿ ಗೆದ್ದಾವು" ಅಂದೆ.